ಎರಡು ದಿನದ ರೆಸಾರ್ಟ್, ಇಪ್ಪತ್ತೊಂದು ತಾಸಿನ ಲೆಕ್ಕ

ನಮ್ಮ ಕೊಡ್ಲಿ ಕಡೆ ಹೊಟೇಲ್ ಅಂದರೆ ಚಹಾ, ಸೂಸಲಾ, ಮಿರ್ಚಿ ಭಜಿ. ಊಟಕ್ಕೆ ಖಾನಾವಳಿ, ಮಲಗಲಿಕ್ಕೆ ಲಾಡ್ಜ್. ಈ ಮೂರೂ ಒಂದೇ ಕಾಂಪೌಂಡಿನೊಳಗಿದ್ದು, ಜತೆಗೊಂದು ಈಜುಗೊಳ ಇದ್ದರೆ ರೆಸಾರ್ಟ್ ಅಂತಾರೆ ಎಂದು ಅವ್ವನಿಗೆ ತಿಳಿಸಿ ಹೇಳಿದೆ. “ಹೊಟೇಲ್‌ನಾಗ ಎರಡು ದಿನ ಏನ್ ಮಾಡ್ತೀರೋ?” ಅಂದಳು. ಮಕ್ಕಳ ಹಟಕ್ಕೆ ಚಿಂಚೋಳಿ, ತಾಂಡೂರು ದಾಟಿ ಹೈದರಾಬಾದ್ ದಿಕ್ಕಿನ ಒಂದು ರೆಸಾರ್ಟಿಗೆ ಹೋಗಿ ಬಂದೆವು. ಹೊರಡುವ ಮುಂಚೆ ಊರವರು ಹೇಳಿ ಕಳಿಸಿದ ಮಾತುಗಳಲ್ಲಿ ಅರ್ಧಕ್ಕರ್ಧ ಸುಳ್ಳು. ನಾನೇ ಗಟ್ಟಿಯಾಗಿ ನಂಬಿದ್ದ ಕೆಲವೂ ಅದರಲ್ಲಿದ್ದವು.

ತಪ್ಪು ಕಲ್ಪನೆ: ‘ಒಂದು ರಾತ್ರಿ, ಎರಡು ದಿನ’ ಅಂದರೆ ಎರಡು ದಿನ.

ದುಡ್ಡು ಕೊಟ್ಟದ್ದು ಎರಡು ದಿನಕ್ಕೆ ಎಂದು ನಸುಕಿನಲ್ಲೇ ಗಾಡಿ ಬಿಟ್ಟು ಒಂಬತ್ತಕ್ಕೆ ಹೋಗಿ ನಿಂತೆವು. ಕೌಂಟರಿನ ಹುಡುಗ ನಗುತ್ತಲೇ “ಚೆಕ್-ಇನ್ ದೋ ಬಜೇ, ಸರ್” ಅಂದ. ಮರುದಿನ ಹನ್ನೊಂದಕ್ಕೆ ರೂಮು ಬಿಡಬೇಕು. ಮಧ್ಯಾಹ್ನ ಎರಡರಿಂದ ಮರುದಿನ ಹನ್ನೊಂದಕ್ಕೆ ಇಪ್ಪತ್ತೊಂದು ತಾಸು; ಒಂದು ದಿನವೂ ಪೂರ್ತಿ ಆಗಲಿಲ್ಲ. ನಮ್ಮ ತಲೆಯಲ್ಲಿದ್ದದ್ದು ಸ್ಟೇಷನ್ ಹತ್ತಿರದ ಲಾಡ್ಜಿನ ಲೆಕ್ಕ. ಅಲ್ಲಿ ಹಲವು ಕಡೆ ಒಳಗೆ ಕಾಲಿಟ್ಟ ಹೊತ್ತಿನಿಂದ ಇಪ್ಪತ್ನಾಲ್ಕು ತಾಸು ಎಣಿಸುತ್ತಾರೆ.

ಲಾಬಿಯ ಸೋಫಾದಲ್ಲಿ ಕುಳಿತೆವು. ಗಾಜಿನ ಆಚೆ ನೀಲಿ ನೀರು, ಈಚೆ ನನ್ನ ಇಬ್ಬರು ಮಕ್ಕಳು, ಮೂಗು ಗಾಜಿಗೆ ಒತ್ತಿ. ಹತ್ತಕ್ಕೆ ಇನ್ನೊಂದು ಕುಟುಂಬ ಬಂತು. ಆ ಹೆಣ್ಣುಮಗಳು ಕೌಂಟರಿಗೆ ಹೋಗಿ ಎರಡು ಮಾತು ಆಡಿದಳು. ಅವರ ಬ್ಯಾಗು ಒಳಗೆ ಹೋದವು, ಮಕ್ಕಳು ನೀರಿಗಿಳಿದರು. ಬ್ಯಾಗು ಇಟ್ಟುಕೊಂಡು ಈಜುಗೊಳಕ್ಕೆ ಬಿಡಿ ಎಂದು ಕೇಳಿದ್ದಳಂತೆ, ಅಷ್ಟೇ. ಚೆಕ್-ಇನ್ ವೇಳೆ ಸರ್ಕಾರದ ಕಾನೂನಲ್ಲ, ಆಯಾ ಹೊಟೇಲಿನ ಕಟ್ಟಳೆ. ರೂಮು ಖಾಲಿ ಇದ್ದರೆ ಮುಂಚೆಯೂ ಕೊಡುತ್ತಾರೆ. ಕೇಳಿದರೆ ಎಲ್ಲಿ ಹಳ್ಳಿಯವರು ಅಂದುಕೊಳ್ಳುತ್ತಾರೋ ಎಂಬ ನನ್ನ ಬಿಗುಮಾನಕ್ಕೆ ಮಕ್ಕಳು ಒಂದು ತಾಸು ಗಾಜು ನೆಕ್ಕಿದರು.

ತಪ್ಪು ಕಲ್ಪನೆ: ತೋರಿಸಿದ ದರ ಒಂದು ರೂಮಿನದು, ಊಟ ಅದರಲ್ಲೇ ಬಂತು.

ಎರಡೂ ತಪ್ಪಾಗಬಹುದು. ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ 1980ರಲ್ಲಿ ಶುರುವಾದ ಸಂಸ್ಥೆ, ಕಬಿನಿ ಅದರ ಮೊದಲ ಬಿಡಾರ. ಅಲ್ಲಿ ಲೆಕ್ಕ ತಲೆಗೆ ಇಷ್ಟು ಎಂದು. ಊಟ, ಸಫಾರಿ ಆ ದರದಲ್ಲೇ ಸೇರಿರುತ್ತವೆ. ‘ಟ್ವಿನ್ ಶೇರಿಂಗ್’ ಎಂದು ಕಂಡರೆ, ಇಬ್ಬರು ಒಂದು ರೂಮಿನಲ್ಲಿದ್ದಾಗ ಒಬ್ಬೊಬ್ಬರ ದರ ಅದು. ಗಂಡ ಹೆಂಡತಿ ಹೋದರೆ ಎರಡರಿಂದ ಗುಣಿಸಬೇಕು.

ಬಹಳ ಖಾಸಗಿ ರೆಸಾರ್ಟುಗಳಲ್ಲಿ ದರ ರೂಮಿನದು, ಊಟಕ್ಕೆ ಗುಪ್ತಲಿಪಿ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ಬೆಳಗಿನ ನಾಷ್ಟಾ ಸೇರಿ. ಎಂಎಪಿ ಅಂದರೆ ನಾಷ್ಟಾ ಮತ್ತು ಒಂದು ಹೊತ್ತಿನ ಊಟ. ಎಪಿ ಅಂದರೆ ಮೂರೂ ಹೊತ್ತು. ನಮ್ಮದು ಸಿಪಿ. ಅದು ಗೊತ್ತಾದದ್ದು ರಾತ್ರಿ ಊಟ ಮುಗಿಸಿ ಕೈ ತೊಳೆದ ಮೇಲೆ, ಮಡಚಿದ ಬಿಲ್ಲು ಸೋಂಪಿನ ತಟ್ಟೆಯಲ್ಲಿ ಬಂದಾಗ.

ತಪ್ಪು ಕಲ್ಪನೆ: ರೆಸಾರ್ಟ್ ಅಂದರೆ ಇಪ್ಪತ್ತೆಂಟು ಪರ್ಸೆಂಟ್ ಜಿಎಸ್‌ಟಿ.

ಅದು ಹಳೇ ಕಥೆ. ದುಬಾರಿ ರೂಮುಗಳ 28 ಪರ್ಸೆಂಟ್ ಅಕ್ಟೋಬರ್ 2019ರಲ್ಲೇ 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ, ಒಂದು ರೂಮಿಗೆ ಒಂದು ದಿನಕ್ಕೆ 7,500 ರೂಪಾಯಿವರೆಗೆ ತೆರಿಗೆ 5 ಪರ್ಸೆಂಟ್, ಮೀರಿದರೆ 18. ಗೆರೆ ದಾಟಿದರೆ ಏನಾಗುತ್ತದೆ ನೋಡಿ: 7,500ರ ರೂಮಿಗೆ ತೆರಿಗೆ 375 ರೂಪಾಯಿ, 7,600ರ ರೂಮಿಗೆ 1,368. ನೂರು ರೂಪಾಯಿ ಚೌಕಾಸಿ ಮಾಡಿದರೆ ಉಳಿಯುವುದು ಸಾವಿರದ ಮೇಲೆ. ತೆರಿಗೆ ಬೀಳುವುದು ಬೋರ್ಡಿನ ದರದ ಮೇಲಲ್ಲ, ನೀವು ನಿಜವಾಗಿ ಕೊಡುವ ದರದ ಮೇಲೆ.

ಇದರಲ್ಲೊಂದು ಗಂಟು ಇದೆ. ನಿಮ್ಮ ರೂಮು ಮೂರು ಸಾವಿರದ್ದೇ ಇರಲಿ, ಅದೇ ಹೊಟೇಲು ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ರೂಮನ್ನು ದಿನಕ್ಕೆ 7,500 ಮೀರಿ ಕೊಟ್ಟಿದ್ದರೆ, ಅಲ್ಲಿನ ಊಟಕ್ಕೆ 18 ಪರ್ಸೆಂಟ್. ರೂಮಿಗೆ ಐದು, ಅನ್ನಕ್ಕೆ ಹದಿನೆಂಟು! ಹೊಟೇಲಿನವರು ಮೋಸ ಮಾಡಿದರು ಎಂದು ಜಗಳ ತೆಗೆಯುವ ಮುಂಚೆ ಇದು ನೆನಪಿರಲಿ.

ತಪ್ಪು ಕಲ್ಪನೆ: ಸರ್ವಿಸ್ ಚಾರ್ಜ್ ಕೂಡ ತೆರಿಗೆಯೇ, ಕೊಡಲೇಬೇಕು.

ಅಲ್ಲ. ಅದು ಸರ್ಕಾರಕ್ಕೆ ಹೋಗುವ ದುಡ್ಡೇ ಅಲ್ಲ. ಕೇಳದೆ ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು; ದಿಲ್ಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅನ್ನಬಹುದು. ತೆಗೆಯದಿದ್ದರೆ 1915ಕ್ಕೆ ಫೋನು. ಬಡಿಸಿದ ಹುಡುಗನ ಕೈಗೆ ಖುಷಿಯಿಂದ ಏನಾದರೂ ಇಡುವುದು ಬೇರೆ ಮಾತು.

ತಪ್ಪು ಕಲ್ಪನೆ: ನೀರಿನ ಬಾಟಲಿಗೆ ಎಂಆರ್‌ಪಿ ಮೀರಿ ತೆಗೆದುಕೊಂಡರೆ ಕೇಸು ಹಾಕಬಹುದು.

ಅಂಗಡಿಯವನ ಮೇಲೆ ಹಾಕಬಹುದು. ಹೊಟೇಲಿನವರು ಬರೀ ನೀರು ಮಾರುವುದಿಲ್ಲ, ಕೂರುವ ಜಾಗ, ಸೇವೆ ಎಲ್ಲ ಸೇರಿಸಿ ಕೊಡುತ್ತಾರೆ, ಅವರಿಗೆ ಈ ಕಟ್ಟು ಇಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿದೆ. ತೀರ್ಪು ನನಗೆ ಹಿಡಿಸಿಲ್ಲ. ಮನೆಯಿಂದಲೇ ನೀರಿನ ಕ್ಯಾನ್ ಒಯ್ಯಿರಿ.

ತಪ್ಪು ಕಲ್ಪನೆ: 1867ರ ಕಾಯ್ದೆ ಪ್ರಕಾರ ಯಾವ ಹೊಟೇಲಿನಲ್ಲೂ ಪುಕ್ಕಟೆ ನೀರು, ಶೌಚಾಲಯ ಹಕ್ಕು.

ಇದನ್ನು ನನ್ನ ಕಾಕಾ ಮೊಬೈಲಿನಲ್ಲಿ ತೋರಿಸಿದ. “ಬ್ರಿಟಿಷರ ಕಾನೂನೋ ತಮ್ಮಾ, ನಾಯಿಗೂ ನೀರು ಕೊಡ್ಬೇಕು ಅಂತದ.” ವರ್ಷಗಳಿಂದ ವಾಟ್ಸಾಪಿನಲ್ಲಿ ಸುತ್ತುತ್ತಿರುವ ಸಂದೇಶ. ಕಾಯ್ದೆ ಇದ್ದದ್ದು ನಿಜ, ಹೆಸರು ಸರಾಯಿ ಕಾಯ್ದೆ. ಕುಡಿಯುವ ಸರಾಯಿಯಲ್ಲ, ದಾರಿಹೋಕರು ತಂಗುವ ಛತ್ರ. ಅದನ್ನು ನಡೆಸುವವನು ಹೆಸರು ನೋಂದಾಯಿಸಬೇಕು, ಕೋಣೆ, ಚರಂಡಿ ಚೊಕ್ಕಟ ಇಡಬೇಕು, ಕಾವಲುಗಾರನನ್ನು ಇಡಬೇಕು, ದರಪಟ್ಟಿ ತೂಗುಹಾಕಬೇಕು. ಅಲ್ಲಿ ತಂಗಿದ ಜನರಿಗೂ ದನಕರುಗಳಿಗೂ ನೀರು ಸೇದುವ ಬಾವಿ, ಕೆರೆಗಳನ್ನು ಶುಚಿಯಾಗಿಡಬೇಕು ಎಂದೂ ಇದೆ. ಈ ಮಾತನ್ನೇ ಹಿಡಿದು ಯಾರೋ ನಾಯಿಯನ್ನು ಹುಟ್ಟಿಸಿರಬೇಕು. ಬೀದಿಯಲ್ಲಿ ಹೋಗುವವರಿಗೆ ಪುಕ್ಕಟೆ ಶೌಚಾಲಯ ಎಂಬ ಮಾತು ಅದರಲ್ಲಿಲ್ಲ. ಅಷ್ಟಕ್ಕೂ 1867ರಲ್ಲಿ ನಾವು ನಿಜಾಮರ ಸೀಮೆಯವರು. ಕಾಕಾನಿಗೆ ಇದನ್ನೆಲ್ಲ ಹೇಳಿದೆ. “ಹಂಗಾರ ಮೆಸೇಜ್ ಯಾಕ್ ಕಳಸ್ತಾರ?” ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಬಾಯಾರಿ ಬಂದವರಿಗೆ ಒಂದು ಲೋಟ ನೀರು ಕೊಡದ ಹೊಟೇಲನ್ನಂತೂ ನಾನು ಇನ್ನೂ ಕಂಡಿಲ್ಲ.

ತಪ್ಪು ಕಲ್ಪನೆ: ಈಜುಗೊಳ ಘಾಟು ಹೊಡೆದರೆ ಔಷಧಿ ಚೆನ್ನಾಗಿ ಹಾಕಿದ್ದಾರೆ ಅಂತ.

ಉಲ್ಟಾ. ಮೂಗಿಗೆ ಅಡರುವ ಆ ವಾಸನೆ ಬರೀ ಕ್ಲೋರಿನ್‌ನದಲ್ಲ. ಕ್ಲೋರಿನ್ ಬೆವರು, ಮೂತ್ರದ ಜತೆ ಕೂಡಿ ಕ್ಲೋರಮೈನ್ ಆಗುತ್ತದೆ. ಘಾಟೂ ಅದರದೇ, ಕಣ್ಣು ಕೆಂಪಾಗುವುದೂ ಅದರಿಂದಲೇ. ಇಳಿಯುವ ಮುಂಚೆ ಮೈತೊಳೆದು ಬನ್ನಿ ಅನ್ನುವುದು ಇದಕ್ಕೇ. ಹತ್ತಿ ಬಟ್ಟೆ ಬೇಡ, ನೈಲಾನೇ ಬೇಕು ಅನ್ನುವುದಕ್ಕೆ ಬಟ್ಟೆ ಮಾರುವ ಲಾಭವೂ ಇರಬಹುದು, ಆದರೆ ಹತ್ತಿಯ ಎಳೆ ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುವುದು ಸುಳ್ಳಲ್ಲ.

ತಪ್ಪು ಕಲ್ಪನೆ: ಇಂಥದ್ದೆಲ್ಲ ದೂರದಲ್ಲೇ ಇರುವುದು, ನಮ್ಮ ಕಡೆ ಬಿಸಿಲು, ಸಿಮೆಂಟಿನ ಧೂಳು ಅಷ್ಟೇ.

ವಾಡಿ, ಸೇಡಂ ದಾರಿಯಲ್ಲಿ ಓಡಾಡಿದವರಿಗೆ ಹಾಗನಿಸುವುದು ಸಹಜ. ಆದರೆ ನಾವು ಅಂದು ದಾಟಿಹೋದ ಚಿಂಚೋಳಿಯಲ್ಲೇ 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ ಇದೆ, ಸುಮಾರು 134 ಚದರ ಕಿಲೋಮೀಟರ್ ಕಾಡು. ಒಳಗೆ ಚಂದ್ರಂಪಳ್ಳಿಯ ಕೆರೆ, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ. ಐಷಾರಾಮ ಇಲ್ಲ, ಬಫೆ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ಸಂಜೆಗೆ ಮನೆ.

ನಾವು ಹೋದ ರೆಸಾರ್ಟಿನಲ್ಲಿ ಕಾಟೇಜಿಗೆ ಹೋಗುವ ಕಾಲುದಾರಿಯನ್ನು ಕೌಂಟರಿನ ಹುಡುಗ ಹೆಮ್ಮೆಯಿಂದ ತೋರಿಸಿದ: “ನ್ಯಾಚುರಲ್ ಸ್ಟೋನ್, ಸರ್.” ಬೂದು ಬಣ್ಣ, ಅಂಚು ಒರಟು. ಮಗಳು ಬಗ್ಗಿ ಕೈಯಾಡಿಸಿ ನೋಡಿದಳು.

“ಅಪ್ಪಾ, ಇದು ನಮ್ಮ ಎಮ್ಮಿ ಕಟ್ಟೋ ಕಡಿ ಹಾಸಿದ ಶಹಾಬಾದ್ ಫರಸಿ ಅಲ್ಲೇನು?”