ಪ್ರಶ್ನೆಯ ಪದಕ್ರಮ

ರೈಲು ನಿಲ್ದಾಣದ ದಾರಿಯನ್ನರಿಯದ ಪ್ರಯಾಣಿಕನೊಬ್ಬನು ಕನ್ನಡದಲ್ಲಿ ಕೇಳುವುದಾದರೆ, "ನಿಲ್ದಾಣ ಎಲ್ಲಿದೆ?" ಎನ್ನುತ್ತಾನೆ. ತುಸು ವಿನಯದಿಂದ ಕೇಳಬೇಕೆನಿಸಿದರೆ, "ನಿಲ್ದಾಣ ಎಲ್ಲಿದೆ ಎಂದು ಹೇಳುವಿರಾ?" ಎನ್ನುತ್ತಾನೆ. ಎರಡನೆಯ ವಾಕ್ಯದೊಳಗೆ ಮೊದಲನೆಯ ಪ್ರಶ್ನೆಯು ಒಂದಕ್ಷರವೂ ಕದಲದೆ ಹಾಗೆಯೇ ಕುಳಿತಿದೆ. ಆದರೆ ಇಂಗ್ಲಿಷಿನಲ್ಲಿ ಈ ಸೌಕರ್ಯವಿಲ್ಲ. "ವೇರ್ ಈಸ್ ದ ಸ್ಟೇಷನ್?" ಎಂಬುದು ಶುದ್ಧವಾದ ಪ್ರಶ್ನೆ. ಅದನ್ನೇ "ಕುಡ್ ಯೂ ಟೆಲ್ ಮಿ" ಎಂಬ ಮಾತಿನೊಳಗೆ ಸೇರಿಸುವಾಗ "ವೇರ್ ದ ಸ್ಟೇಷನ್ ಈಸ್" ಎಂದು ಮಾರ್ಪಡಿಸಬೇಕು. ಪದಗಳೆಲ್ಲ ಅವೇ; 'ಈಸ್' ಎಂಬ ಪುಟ್ಟ ಪದವು ಮಾತ್ರ ತನ್ನ ಸ್ಥಾನವನ್ನು ಬದಲಿಸಿದೆ. ಈ ಸ್ಥಾನಪಲ್ಲಟದ ಕಾರಣವನ್ನು ತಿಳಿಯಲು ಎರಡು ಭಾಷೆಗಳೂ ಪ್ರಶ್ನೆಯನ್ನು ಹೇಗೆ ಕಟ್ಟುತ್ತವೆ ಎಂಬುದನ್ನು ಗಮನಿಸಬೇಕು.

ಕನ್ನಡದಲ್ಲಿ ಪ್ರಶ್ನೆಯ ಗುರುತು ಪದದಲ್ಲಿಯೇ ಇರುತ್ತದೆ. 'ಬಂದನು' ಎಂಬ ಕ್ರಿಯಾಪದದ ಕೊನೆಯನ್ನು ಎಳೆದು 'ಬಂದನೇ' ಎಂದರೆ ಸಾಕು, ಹೇಳಿಕೆಯು ಪ್ರಶ್ನೆಯಾಗುತ್ತದೆ. "ರಾಮನು ಊರಿಗೆ ಬಂದನೇ?" ಎನ್ನಬಹುದು, "ಊರಿಗೆ ಬಂದನೇ ರಾಮನು?" ಎಂದರೂ ಅರ್ಥ ಕೆಡುವುದಿಲ್ಲ. ಯಾರು ಬಂದರು, ಎಲ್ಲಿಗೆ ಬಂದರು ಎಂಬುದನ್ನು ವಿಭಕ್ತಿ ಪ್ರತ್ಯಯಗಳು ಕಾಯುತ್ತವೆ. ಇಂಗ್ಲಿಷಿನ ನಾಮಪದಗಳಿಗೆ ಇಂತಹ ವಿಭಕ್ತಿಗಳು ಬಹುಮಟ್ಟಿಗೆ ಉಳಿದಿಲ್ಲ. ಅಲ್ಲಿ ಪದದ ಕೆಲಸವನ್ನು ನಿರ್ಣಯಿಸುವುದು ಅದು ನಿಂತ ಜಾಗ. ಕರ್ತೃಪದವು ಮೊದಲು, ಕ್ರಿಯಾಪದವು ಅನಂತರ ಬಂದರೆ ಅದು ಹೇಳಿಕೆ: "ಹಿ ಈಸ್ ಹಿಯರ್". ಕ್ರಿಯಾಪದವು ಕರ್ತೃವನ್ನು ದಾಟಿ ಮುಂದೆ ಬಂದರೆ ಅದು ಪ್ರಶ್ನೆ: "ಈಸ್ ಹಿ ಹಿಯರ್?" ಹೀಗೆ ಅಲ್ಲಿ ಪದಕ್ರಮವೇ ಪ್ರಶ್ನೆಯ ಗುರುತಾಯಿತು.

ಹಿಂದೆ ಎಲ್ಲ ಕ್ರಿಯಾಪದಗಳಿಗೂ ಹೀಗೆ ಮುಂದೆ ಬರುವ ಸ್ವಾತಂತ್ರ್ಯವಿದ್ದಿತು. "ನೋ ಯೂ ದ ವೇ?" ಎಂದು ಕೇಳುವುದು ಒಂದು ಕಾಲದಲ್ಲಿ ಸಹಜವಾಗಿತ್ತು. ಕಾಲಕ್ರಮದಲ್ಲಿ 'ಡೂ' ಎಂಬ ಸಹಾಯಕ ಕ್ರಿಯಾಪದವು ಬಂದು ಆ ಕೆಲಸವನ್ನು ವಹಿಸಿಕೊಂಡಿತು, "ಡೂ ಯೂ ನೋ ದ ವೇ?" ಎಂಬ ರಚನೆಯು ರೂಢಿಗೆ ಬಂದಿತು. ಷೇಕ್ಸ್‌ಪಿಯರನ (1564–1616) ನಾಟಕಗಳಲ್ಲಿ ಹಳೆಯ ಹೊಸ ಎರಡೂ ಕ್ರಮಗಳು ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ. ಸ್ವೀಡನ್ ದೇಶದ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ 'ಡೂ' ಎಂಬ ಈ ಒಂದು ಪದದ ಬೆಳವಣಿಗೆಯನ್ನೇ ವಿಷಯವಾಗಿಟ್ಟುಕೊಂಡು 1953ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಎರಡಕ್ಷರದ ಪದಕ್ಕೆ ಒಂದಿಡೀ ಗ್ರಂಥವೇ ಎಂದು ಅಚ್ಚರಿಯಾಗಬಹುದು. ಆದರೆ ಇಂದಿನ ಇಂಗ್ಲಿಷಿನ ಎಷ್ಟೋ ಪ್ರಶ್ನೆಗಳು ಆ ಪದವಿಲ್ಲದೆ ನಿಲ್ಲಲಾರವು.

ನೇರಪ್ರಶ್ನೆಯು ಇನ್ನೊಂದು ವಾಕ್ಯದೊಳಗೆ ಉಪವಾಕ್ಯವಾಗಿ ಸೇರಿದಾಗ ಪರೋಕ್ಷ ಪ್ರಶ್ನೆಯೆನಿಸುತ್ತದೆ. ಆಗ ಕೇಳುವ ಕೆಲಸವು ಅದರದಲ್ಲ. "ಐ ನೋ ವೇರ್ ಹಿ ಲಿವ್ಸ್" ಎಂಬ ಮಾತಿನಲ್ಲಿ ಯಾರೂ ಏನನ್ನೂ ಕೇಳುತ್ತಿಲ್ಲ. ಅವನ ವಾಸಸ್ಥಳವು ತನಗೆ ಗೊತ್ತೆಂದು ಒಬ್ಬನು ಹೇಳುತ್ತಿದ್ದಾನೆ. ಕೇಳುವ ಕೆಲಸವು ತಪ್ಪಿದೊಡನೆ ಅದರ ಗುರುತಾದ ಪದಪಲ್ಲಟವೂ ತಪ್ಪಿಹೋಗಿ, ವಾಕ್ಯವು ಹೇಳಿಕೆಯ ಕ್ರಮಕ್ಕೆ ಮರಳುತ್ತದೆ. "ವೇರ್ ಡಸ್ ಹಿ ಲಿವ್?" ಎಂಬುದರಲ್ಲಿದ್ದ 'ಡಸ್' ಕಾಣೆಯಾಗುತ್ತದೆ, ಅದು ಹೊತ್ತಿದ್ದ 'ಎಸ್' ಅಕ್ಷರವು ಮತ್ತೆ 'ಲಿವ್' ಪದವನ್ನು ಸೇರುತ್ತದೆ. 'ವೇರ್' ಮೊದಲಾದ ಪ್ರಶ್ನಾರ್ಥಕ ಪದವಿಲ್ಲದ ಕಡೆ 'ಇಫ್' ಅಥವಾ 'ವೆದರ್' ಎಂಬ ಪದವು ಕೊಂಡಿಯಾಗುತ್ತದೆ: "ಶಿ ಆಸ್ಕ್ಡ್ ಇಫ್ ಹಿ ವಾಸ್ ಹಿಯರ್". ಕನ್ನಡದಲ್ಲಿ 'ಬಂದನೋ ಇಲ್ಲವೋ' ಎಂಬ ಮಾತು ಮಾಡುವ ಕೆಲಸವನ್ನೇ ಅಲ್ಲಿ 'ವೆದರ್' ಮಾಡುತ್ತದೆ.

ಪ್ರಶ್ನೆಯ ಚಿಹ್ನೆಯು ಪ್ರಧಾನ ವಾಕ್ಯವನ್ನು ಅನುಸರಿಸುತ್ತದೆ. "ಡೂ ಯೂ ನೋ ವೇರ್ ಹಿ ಲಿವ್ಸ್?" ಎಂಬಲ್ಲಿ ಪ್ರಧಾನ ವಾಕ್ಯವೇ ಪ್ರಶ್ನೆಯಾದುದರಿಂದ ಚಿಹ್ನೆ ಬೇಕು, "ಐ ನೋ" ಎಂದು ಆರಂಭವಾದಲ್ಲಿ ಬೇಡ.

ಕನ್ನಡಿಗ ವಿದ್ಯಾರ್ಥಿಯು ಎಡವುವುದು 'ಎಂದು' ಎಂಬ ಪದದ ಉಪಕಾರದಿಂದಲೇ. "ನೀನು ಎಲ್ಲಿಗೆ ಹೋಗುತ್ತಿದ್ದೀಯೆ ಎಂದು ತಂದೆ ಕೇಳಿದರು" ಎಂದು ಅವನು ಹೇಳಬಲ್ಲನು. ತಂದೆಯ ಮಾತು ಅದರ 'ನೀನು' ಮತ್ತು ವರ್ತಮಾನಕಾಲಗಳೊಡನೆ ಇಡಿಯಾಗಿ ಉಳಿದಿದೆ. ಇದನ್ನೇ ಇಂಗ್ಲಿಷಿಗೆ ತಿರುಗಿಸುವಾಗ "ಫಾದರ್ ಆಸ್ಕ್ಡ್ ಮಿ ವೇರ್ ಆರ್ ಯೂ ಗೋಯಿಂಗ್" ಎಂದು ಬರೆಯುತ್ತಾನೆ. ಸರಿಯಾದ ರೂಪದಲ್ಲಿ 'ಯೂ' ಎಂಬುದು 'ಐ' ಆಗಿ, 'ಆರ್' ಎಂಬುದು 'ವಾಸ್' ಆಗಿ, ಎರಡರ ಸ್ಥಾನಗಳೂ ಅದಲುಬದಲಾಗಬೇಕು: "ವೇರ್ ಐ ವಾಸ್ ಗೋಯಿಂಗ್". ಒಂದೇ ವಾಕ್ಯದಲ್ಲಿ ಮೂರು ಮಾರ್ಪಾಟು! ಇದಕ್ಕೆ ಎದುರಾದ ತಪ್ಪೂ ಉಂಟು. ಕನ್ನಡದ ಪ್ರಶ್ನೆಯಲ್ಲಿ ಪದಗಳು ಕದಲದಿರುವುದರಿಂದ ನೇರಪ್ರಶ್ನೆಯಲ್ಲಿಯೂ "ವಾಟ್ ಯೂ ಆರ್ ಡೂಯಿಂಗ್?" ಎಂದು ಕೇಳುವವರಿದ್ದಾರೆ.

ಇದನ್ನು ಅಜ್ಞಾನವೆಂದು ಹೀಯಾಳಿಸುವುದು ಮಾತ್ರ ಉಚಿತವಲ್ಲ. ಇಂಗ್ಲಿಷೇ ಮನೆಮಾತಾಗಿರುವ ಐರ್ಲೆಂಡಿನ ಆಡುಮಾತಿನಲ್ಲಿ "ಹಿ ಆಸ್ಕ್ಡ್ ಮಿ ವಾಸ್ ಐ ಗೋಯಿಂಗ್" ಎಂಬ ರಚನೆಯು ತೀರ ಸಾಮಾನ್ಯ. ಅಲ್ಲಿನ ಪ್ರಾಚೀನ ಐರಿಷ್ ಭಾಷೆಯ ಪ್ರಭಾವವೇ ಇದಕ್ಕೆ ಕಾರಣವೆಂದು ಹಲವು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಒಂದು ಭಾಷೆಯ ನಡೆಯು ಇನ್ನೊಂದರೊಳಗೆ ಹೆಜ್ಜೆಯಿಡುವುದು ಎಲ್ಲ ನಾಡುಗಳಲ್ಲಿಯೂ ಕಂಡುಬರುವ ಸಂಗತಿ.

ಆದರೂ ಪರೀಕ್ಷೆಯ ಉತ್ತರದಲ್ಲಿ, ಉದ್ಯೋಗಕ್ಕಾಗಿ ಬರೆಯುವ ಪತ್ರದಲ್ಲಿ ಶಿಷ್ಟರೂಪವನ್ನೇ ನಿರೀಕ್ಷಿಸಲಾಗುತ್ತದೆ. ಸಂದರ್ಶನದ ದಿನವನ್ನು ವಿಚಾರಿಸಿ ಬರೆಯುವವನು "ಪ್ಲೀಸ್ ಲೆಟ್ ಮಿ ನೋ ವೆನ್ ಈಸ್ ದ ಇಂಟರ್‌ವ್ಯೂ" ಎಂದರೆ ಅರ್ಥವೇನೋ ಆಗುತ್ತದೆ. ಆದರೆ ಓದುವ ಅಧಿಕಾರಿಯು ಅರ್ಜಿದಾರನನ್ನು ಕಂಡವನಲ್ಲ. ಅವನೆದುರಿಗಿರುವುದು ಆ ಒಂದು ಹಾಳೆ ಮಾತ್ರ. 'ಈಸ್' ಎಂಬುದನ್ನು ಕೊನೆಗೆ ಸರಿಸಿ "ವೆನ್ ದ ಇಂಟರ್‌ವ್ಯೂ ಈಸ್" ಎಂದು ಬರೆದಿದ್ದರೆ ಅವನ ಕಣ್ಣು ಅಲ್ಲಿ ತಡೆಯದೆ ಮುಂದಿನ ಸಾಲಿಗೆ ಸಾಗುತ್ತಿತ್ತು.