ಎಳೆಯ ಮಿದುಳು: ನಂಬಿಕೆ ಎಷ್ಟು, ನಿಜ ಎಷ್ಟು?

ಮಗು ಹುಟ್ಟಿದ ಮನೆಗೆ ತೊಟ್ಟಿಲಿಗಿಂತ ಮೊದಲು ಸಲಹೆಗಳು ಬಂದಿರುತ್ತವೆ. ರಾಜರಾಜೇಶ್ವರಿನಗರದ ಬಿಇಎಂಎಲ್ ಬಡಾವಣೆಯ ಅಪಾರ್ಟ್‌ಮೆಂಟ್ ಆಗಲಿ, ಕೆಂಚೇನಹಳ್ಳಿಯ ಹಳೆಯ ಮನೆಯಾಗಲಿ, ಬಾಣಂತಿ ಕೋಣೆಯಲ್ಲಿ ಕೇಳಿಬರುವ ಮಾತು ಹೆಚ್ಚುಕಮ್ಮಿ ಒಂದೇ: "ಬೆಳಗಿನ ಬಿಸಿಲಿಗೆ ಹಿಡಿ, ಕಾಮಾಲೆ ಇಳಿಯುತ್ತೆ." "ಕೂಸು ಬೆಚ್ಚಿಬೀಳ್ತಿದೆ, ದೃಷ್ಟಿ ತೆಗಿ." "ನಮ್ಮ ಮನೇಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು, ಬಿಡು." ಹೇಳುವವರಿಗೆ ಮಗುವಿನ ಮೇಲೆ ಅಕ್ಕರೆಯೇ ಇರುತ್ತದೆ. ಆದರೂ ಇಂಥ ಕೆಲವು ಮಾತುಗಳಿಗೆ ಮಗುವಿನ ಮಿದುಳು ಬೆಲೆ ತೆರಬೇಕಾಗುತ್ತದೆ. ಪರೀಕ್ಷೆಗೆ ಒಡ್ಡದ ನಂಬಿಕೆಗಳು ಮನೆಯಲ್ಲಿ ಮಾತ್ರವಲ್ಲ, ಆಸ್ಪತ್ರೆಯಲ್ಲೂ ಇರುತ್ತವೆ. ಅಂಥ ಒಂದು ನಂಬಿಕೆಯನ್ನು ಒರೆಗೆ ಹಚ್ಚಿದ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಆಸ್ಪತ್ರೆಗಳಿಗೂ ಪಾಲಿದೆ.

ತಪ್ಪು ಕಲ್ಪನೆ 1: ಹುಟ್ಟಿದ ಕೂಡಲೇ ಅಳದ ಮಗು ಮುಂದೆ ಬುದ್ಧಿಮಾಂದ್ಯವಾಗುತ್ತದೆ.

ಸತ್ಯ: ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಉಸಿರಾಡಲು ಸ್ವಲ್ಪ ನೆರವು ಬೇಕಾಗುತ್ತದೆ. ಮೈ ಒರೆಸಿ, ಬೆನ್ನು ತಿಕ್ಕಿ, ಬೇಕಿದ್ದರೆ ಮುಖಕ್ಕೆ ಮಾಸ್ಕ್ ಇಟ್ಟು ಚೀಲ ಒತ್ತಿ ಗಾಳಿ ಕೊಟ್ಟರೆ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಇದು ಮೊದಲ ಒಂದು ನಿಮಿಷದೊಳಗೆ ಆಗಬೇಕಾದ ಕೆಲಸ. ಆಮ್ಲಜನಕ ತುಂಬಾ ಹೊತ್ತು ಕಡಿಮೆಯಾಗಿ, ಮಗು ಮಂಕಾಗಿ, ಫಿಟ್ಸ್ ಬಂದಾಗ ಮಾತ್ರ ಮಿದುಳಿಗೆ ಪೆಟ್ಟಾಗಿರುವ ಚಿಂತೆ.

ಕೈಕಾಲುಗಳ ಹಿಡಿತ ತಪ್ಪಿಸುವ ಸೆರೆಬ್ರಲ್ ಪಾಲ್ಸಿಗೆಲ್ಲ ಕಷ್ಟದ ಹೆರಿಗೆಯೇ ಕಾರಣ ಎಂಬುದೂ ಅಷ್ಟೇ ಹಳೆಯ ನಂಬಿಕೆ. ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ 1861ರಲ್ಲಿ ಈ ನಂಟನ್ನು ಮುಂದಿಟ್ಟರು. ಕಷ್ಟದ ಹೆರಿಗೆಯೇ ಗರ್ಭದಲ್ಲಿ ಮೊದಲೇ ಆದ ತೊಂದರೆಯ ಲಕ್ಷಣ ಇರಬಹುದಲ್ಲ ಎಂದು 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಪ್ರಶ್ನಿಸಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಅವಧಿಗೆ ಮುಂಚಿನ ಹೆರಿಗೆ, ಸೋಂಕು, ಗರ್ಭದಲ್ಲೇ ಆದ ಪಾರ್ಶ್ವವಾಯು, ವಂಶವಾಹಿಯ ದೋಷ, ವಿಪರೀತ ಕಾಮಾಲೆ ಎಲ್ಲವೂ ಕಾರಣವಾಗಬಲ್ಲವು. ಆದ್ದರಿಂದ "ನೀನು ಸರಿಯಾಗಿ ಮುಕ್ಕಲಿಲ್ಲ" ಎಂದು ತಾಯಿಯನ್ನು ದೂರುವುದು ಕ್ರೂರ ಮಾತ್ರವಲ್ಲ, ಸುಳ್ಳು ಕೂಡ.

ತಪ್ಪು ಕಲ್ಪನೆ 2: ವಿದೇಶದಲ್ಲಿ ಗೆದ್ದ ಚಿಕಿತ್ಸೆ ಇಲ್ಲೂ ಗೆದ್ದೇ ಗೆಲ್ಲುತ್ತದೆ.

ಸತ್ಯ: ಉಸಿರುಕಟ್ಟಿ ಹುಟ್ಟಿದ ಮಗುವಿನ ಮೈಯನ್ನು ಆರು ಗಂಟೆಯೊಳಗೆ ತಣ್ಣಗಾಗಿಸತೊಡಗಿ, 33.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಇಟ್ಟರೆ ಮಿದುಳಿನ ಹಾನಿ ತಗ್ಗುತ್ತದೆ ಎಂದು ಶ್ರೀಮಂತ ದೇಶಗಳ ಪ್ರಯೋಗಗಳು ತೋರಿಸಿದ್ದವು. ಅಲ್ಲಿ ಇದು ಮಾಮೂಲಿ ಚಿಕಿತ್ಸೆಯಾಯಿತು. ನಮ್ಮಲ್ಲೂ ಹಲವು ಆಸ್ಪತ್ರೆಗಳು ಇದನ್ನು ಶುರುಮಾಡಿದವು.

ಇದು ಇಲ್ಲಿನ ಮಕ್ಕಳಿಗೂ ಒಗ್ಗುತ್ತದೆಯೇ ಎಂದು ನೋಡಲು ನಡೆದದ್ದು 'ಹೀಲಿಕ್ಸ್' ಅಧ್ಯಯನ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡಾ. ಸುಧಿನ್ ತಯ್ಯಿಲ್ ಇದರ ಮುಂದಾಳು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳು ಕೈಜೋಡಿಸಿದವು. ಬೆಂಗಳೂರು ವೈದ್ಯಕೀಯ ಕಾಲೇಜು ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅವುಗಳಲ್ಲಿ ಎರಡು. 2015ರಿಂದ 2019ರವರೆಗೆ 408 ಶಿಶುಗಳು ಸೇರ್ಪಡೆಯಾದರು. 2021ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಫಲಿತಾಂಶ ಯಾರೂ ಬಯಸಿದ್ದಲ್ಲ. ಮೈ ತಣಿಸಿದ 198 ಮಕ್ಕಳಲ್ಲಿ 84 ಮಕ್ಕಳು, ಎಂದರೆ ಶೇ 42ರಷ್ಟು ತೀರಿಕೊಂಡರು. ಮಾಮೂಲಿ ಆರೈಕೆ ಪಡೆದ 201 ಮಕ್ಕಳಲ್ಲಿ ತೀರಿಕೊಂಡವರು 63, ಎಂದರೆ ಶೇ 31. ಸಾವು ಮತ್ತು ಗಂಭೀರ ಅಂಗವೈಕಲ್ಯ ಎರಡನ್ನೂ ಕೂಡಿಸಿ ನೋಡಿದರೆ ಎರಡೂ ಗುಂಪುಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು. ತಣಿಸಿದ್ದರಿಂದ ಲಾಭ ಕಾಣಲಿಲ್ಲ, ಸಾವು ಹೆಚ್ಚಿತು.

ಯಾಕೆ ಹೀಗಾಯಿತು? ಶ್ರೀಮಂತ ದೇಶಗಳಲ್ಲಿ ಪೆಟ್ಟು ಹೆಚ್ಚಾಗಿ ಹೆರಿಗೆಯ ಕೊನೆಯ ಗಳಿಗೆಯಲ್ಲಿ ಥಟ್ಟನೆ ಬೀಳುತ್ತದೆ. ಇಲ್ಲಿ ಅನೇಕ ಮಕ್ಕಳಲ್ಲಿ ಆಮ್ಲಜನಕದ ಕೊರತೆ ಹೆರಿಗೆ ನೋವಿನುದ್ದಕ್ಕೂ, ಗಂಟೆಗಟ್ಟಲೆ ನಡೆದಿರುತ್ತದೆ. ಮಗು ಹೊರಬರುವ ಹೊತ್ತಿಗೆ ಕಾಲ ಮೀರಿರುತ್ತದೆ ಎಂಬುದು ಸಂಶೋಧಕರ ವಿವರಣೆ. ಈ ಫಲಿತಾಂಶವನ್ನು ಎಲ್ಲ ಆಸ್ಪತ್ರೆಗಳಿಗೂ ಅನ್ವಯಿಸಬಹುದೇ ಎಂಬ ಬಗ್ಗೆ ಭಾರತದ ನವಜಾತ ಶಿಶು ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಅದೇನೇ ಇರಲಿ, ಅಧ್ಯಯನದಿಂದ ಗಮನ ಮಾತ್ರ ಲೇಬರ್ ವಾರ್ಡಿನತ್ತ ತಿರುಗಿತು: ಗರ್ಭದಲ್ಲಿನ ಮಗುವಿನ ಎದೆಬಡಿತವನ್ನು ನಿಯಮಿತವಾಗಿ ಆಲಿಸುವುದು, ಹೆರಿಗೆ ಮುಂದುವರಿದ ಬಗೆಯನ್ನು ಚಾರ್ಟಿನಲ್ಲಿ ಗುರುತಿಸುವುದು, ನೋವು ಹೆಚ್ಚಿಸುವ ಇಂಜೆಕ್ಷನ್ನನ್ನು ಲೆಕ್ಕವಿಲ್ಲದೆ ಕೊಡದಿರುವುದು. "ಬೇಗ ಆಗಲಿ, ನೋವಿನ ಇಂಜೆಕ್ಷನ್ ಕೊಡಿ" ಎಂದು ದುಂಬಾಲು ಬೀಳುವ ಬಂಧುಗಳು ಇದನ್ನು ನೆನಪಿಡಬೇಕು. ಗರ್ಭಕೋಶ ಬಿಡುವಿಲ್ಲದೆ ಹಿಂಡಿದರೆ ಮಗುವಿಗೆ ರಕ್ತ ತಲುಪುವುದು ಕಡಿಮೆಯಾಗುತ್ತದೆ.

ತಪ್ಪು ಕಲ್ಪನೆ 3: ಕಾಮಾಲೆಗೆ ಬೆಳಗಿನ ಬಿಸಿಲೇ ಮದ್ದು.

ಸತ್ಯ: ಬೆಳಕಿಗೆ ಆ ಗುಣ ಇರುವುದು ನಿಜ. 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್, ಬಿಸಿಲಿಗೆ ಒಡ್ಡಿದ ಮಗುವಿನ ಚರ್ಮದ ಹಳದಿ ಮಾಸಿ, ಬಟ್ಟೆ ಮುಚ್ಚಿದ ಜಾಗದಲ್ಲಿ ಹಾಗೇ ಉಳಿದಿದ್ದನ್ನು ಗಮನಿಸಿದರು. ನೀಲಿ ಬೆಳಕಿನ ಫೋಟೊಥೆರಪಿ ಹುಟ್ಟಿದ್ದು ಹೀಗೆ. ಆದರೆ ಬಾಲ್ಕನಿಯ ಬಿಸಿಲಿಗೆ ಅಳತೆಯಿಲ್ಲ. ಬಟ್ಟೆ ಬಿಚ್ಚಿದರೆ ಕೂಸಿನ ಮೈ ತಣ್ಣಗಾಗುತ್ತದೆ, ಬಿಸಿಲೇರಿದರೆ ಚರ್ಮ ಸುಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅಮೂಲ್ಯವಾದ ದಿನ ಕಳೆದುಹೋಗುತ್ತದೆ.

ಈ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿನ ಆಳದ ಭಾಗಗಳಲ್ಲಿ ಸೇರಿಕೊಳ್ಳುತ್ತದೆ. ಕಿವುಡುತನ, ಕೈಕಾಲುಗಳ ಹಿಡಿತ ತಪ್ಪಿಸುವ ಸೆರೆಬ್ರಲ್ ಪಾಲ್ಸಿ ಅದರ ಫಲ. ಕಾಮಾಲೆ ಏರುವುದು ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ. ಅಷ್ಟರಲ್ಲಿ ತಾಯಿ–ಮಗು ಡಿಸ್ಚಾರ್ಜ್ ಆಗಿ ಮನೆ ಸೇರಿರುತ್ತಾರೆ. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ತಪ್ಪು ಕಲ್ಪನೆ 4: ಕೂಸಿನ ಸೆಳವು ಬಾಲಗ್ರಹ; ತಾಯತ, ಬರೆ, ಈರುಳ್ಳಿ ವಾಸನೆಯಿಂದ ಹೋಗುತ್ತದೆ.

ಸತ್ಯ: ಸೆಳವು ಬರುವುದು ಮಿದುಳಿನ ವಿದ್ಯುತ್ ಚಟುವಟಿಕೆ ಹದ ತಪ್ಪಿದಾಗ. ಬರೆ ಹಾಕಿದರೆ ಗಾಯವಾಗುತ್ತದೆ, ಸೋಂಕು ಸೇರುತ್ತದೆ, ಸೆಳವು ಹೋಗುವುದಿಲ್ಲ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ತಂಡ 1990ರ ದಶಕದಲ್ಲಿ ಬೆಂಗಳೂರು ನಗರ ಹಾಗೂ ಗ್ರಾಮಾಂತರದ ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿತು. ಸಾವಿರಕ್ಕೆ ಸುಮಾರು ಒಂಬತ್ತು ಮಂದಿಗೆ ಮೂರ್ಛೆರೋಗವಿತ್ತು. ಹಳ್ಳಿಗಳಲ್ಲಿ ಅದು ನಗರದ ಎರಡು ಪಟ್ಟು. ಇಷ್ಟು ಸಾಮಾನ್ಯವಾದ ಕಾಯಿಲೆಯನ್ನು ಮುಚ್ಚಿಡಬೇಕಾಗಿಲ್ಲ.

ಒಂದು ಬಗೆಯ ಸೆಳವನ್ನಂತೂ ಪ್ರತಿ ಮನೆಯವರೂ ತಿಳಿದಿರಬೇಕು. ನಾಲ್ಕರಿಂದ ಎಂಟು ತಿಂಗಳ ಕೂಸು, ನಿದ್ದೆಯಿಂದ ಎದ್ದ ಹೊತ್ತು. ತಲೆ ತಟಕ್ಕನೆ ಮುಂದಕ್ಕೆ ಬಾಗುತ್ತದೆ, ಕೈಗಳು ಚಾಚಿಕೊಳ್ಳುತ್ತವೆ, ಎರಡು ಕ್ಷಣದಲ್ಲಿ ಸಡಿಲವಾಗುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಹಾಗೇ. ಹೀಗೆ ಒಂದರ ಹಿಂದೆ ಒಂದು ಹತ್ತಿಪ್ಪತ್ತು ಸಲ. ಹೊಟ್ಟೆನೋವು ಎಂದು ಬಜೆ ತೇಯುತ್ತಾ ಕೂರುವುದು ಇಲ್ಲೇ. ಇಂಗ್ಲೆಂಡಿನ ಡಾ. ವಿಲಿಯಂ ವೆಸ್ಟ್ 1841ರಲ್ಲಿ ತಮ್ಮ ಸ್ವಂತ ಮಗನಲ್ಲಿ ಕಂಡು ಬರೆದ ಈ ಕಾಯಿಲೆಗೆ ಅವರದೇ ಹೆಸರಿದೆ. ಈಗ ಇದಕ್ಕೆ ಔಷಧವಿದೆ, ಆದರೆ ತಡವಾದಷ್ಟೂ ಬೆಳವಣಿಗೆ ಹಿಂದೆ ಬೀಳುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ವೈದ್ಯರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ದೊಡ್ಡ ಸೆಳವು ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ನವಜಾತ ಶಿಶುವಿಗಾದರೆ ಆ ಐದು ನಿಮಿಷವೂ ಕಾಯುವಂತಿಲ್ಲ.

ತಪ್ಪು ಕಲ್ಪನೆ 5: ಬಾಣಂತಿಗೆ ಬಿಳಿ ಅನ್ನ, ಮೆಣಸಿನ ಸಾರು ಸಾಕು; ಬೇಳೆ, ಸೊಪ್ಪು ಕೊಟ್ಟರೆ ಮಗುವಿಗೆ ಆಗದು.

ಸತ್ಯ: ಪಾಲಿಶ್ ಮಾಡಿದ ಅಕ್ಕಿಯಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ ತೀರಾ ಕಡಿಮೆ. ತೊಳೆದು ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ. ತಾಯಿಯಲ್ಲಿ ಕೊರತೆಯಾದರೆ ಎದೆಹಾಲಿನಲ್ಲೂ ಕೊರತೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು, ಎದೆಹಾಲನ್ನೇ ಕುಡಿಯುತ್ತಿದ್ದು ಉಸಿರಾಟದ ತೀವ್ರ ತೊಂದರೆಯಿಂದ ಬಂದ ಶಿಶುಗಳು ಥಯಮಿನ್ ಕೊಟ್ಟೊಡನೆ ಚೇತರಿಸಿಕೊಂಡದ್ದನ್ನು 2021ರಲ್ಲಿ ವರದಿ ಮಾಡಿದ್ದಾರೆ. ಇದೇ ಕೊರತೆ ಮಿದುಳಿಗೂ ತಟ್ಟುತ್ತದೆ. 2003ರಲ್ಲಿ ಇಸ್ರೇಲಿನಲ್ಲಿ ಥಯಮಿನ್ ಇಲ್ಲದ ಡಬ್ಬಿ ಹಾಲು ಕುಡಿದ ಶಿಶುಗಳಲ್ಲಿ ಕೆಲವರಿಗೆ ಮೂರ್ಛೆರೋಗ ಉಳಿಯಿತು, ಮಾತು ಹಿಂದೆ ಬಿತ್ತು. ಇದಕ್ಕೆ ಪರಿಹಾರ ಎದೆಹಾಲು ಬಿಡಿಸುವುದಲ್ಲ. ಬಾಣಂತಿಯ ತಟ್ಟೆಗೆ ಬೇಳೆ, ಕಾಳು, ರಾಗಿ, ಸೊಪ್ಪು ಬಡಿಸುವುದು.

ತಪ್ಪು ಕಲ್ಪನೆ 6: ಮಗು ನೋಡಲು ಚೆನ್ನಾಗಿದ್ದರೆ ರಕ್ತಪರೀಕ್ಷೆ ಯಾಕೆ?

ಸತ್ಯ: ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗು ಮೊದಲ ವಾರಗಳಲ್ಲಿ ಎಲ್ಲ ಮಕ್ಕಳಂತೆಯೇ ಕಾಣುತ್ತದೆ. ಲಕ್ಷಣ ಎದ್ದು ಕಾಣುವ ಹೊತ್ತಿಗೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುತ್ತದೆ. ನಮ್ಮ ದೇಶದಲ್ಲಿ ಸಾವಿರ ಚಿಲ್ಲರೆ ಮಕ್ಕಳಲ್ಲಿ ಒಂದಕ್ಕೆ ಈ ಕೊರತೆಯಿದೆ. ಹಿಮ್ಮಡಿ ಚುಚ್ಚಿ ವಿಶೇಷ ಕಾಗದದ ಮೇಲೆ ತೆಗೆದ ಕೆಲವೇ ಹನಿ ರಕ್ತದಲ್ಲಿ ಇದು ಗೊತ್ತಾಗುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆ ಮಗುವನ್ನು ಉಳಿಸುತ್ತದೆ. ಭಾರತದಲ್ಲಿ ನವಜಾತ ಶಿಶುಗಳ ಇಂಥ ಸಾಮೂಹಿಕ ತಪಾಸಣೆ ಮೊದಲು ನಡೆದದ್ದೇ ನಮ್ಮ ರಾಜ್ಯದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಅವರ ತಂಡ 1980ರ ದಶಕದಲ್ಲಿ ಲಕ್ಷಕ್ಕೂ ಮಿಕ್ಕಿ ಶಿಶುಗಳ ರಕ್ತದಲ್ಲಿ ಅಮೈನೊ ಆಮ್ಲದ ದೋಷಗಳನ್ನು ಹುಡುಕಿತ್ತು. ಸೋದರಮಾವ, ಅತ್ತೆ ಮಗನೊಡನೆ ಮದುವೆ ರೂಢಿಯಲ್ಲಿರುವ ನಮ್ಮಲ್ಲಿ ಇಂಥ ಆನುವಂಶಿಕ ದೋಷಗಳ ಸಾಧ್ಯತೆ ಹೆಚ್ಚು. ತಪಾಸಣೆಯ ಅಗತ್ಯವೂ ಅಷ್ಟೇ ಹೆಚ್ಚು.

ಕೊನೆಯ ಮಾತು

ಎಲ್ಲ ತಪ್ಪು ಕಲ್ಪನೆಗಳ ಬುಡದಲ್ಲಿರುವುದು ಒಂದೇ ಮಾತು: "ಸ್ವಲ್ಪ ದಿನ ನೋಡೋಣ." ಎಳೆಯ ಮಿದುಳಿನ ವಿಷಯದಲ್ಲಿ ಅತಿ ದುಬಾರಿಯಾದ ಮಾತು ಅದೇ. ಎರಡು ತಿಂಗಳಾದರೂ ಮಗು ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೂ ಕೂರದಿದ್ದರೆ, ಕಲಿತದ್ದನ್ನು ಮರೆಯತೊಡಗಿದರೆ ಆ ವಾರವೇ ಮಕ್ಕಳ ವೈದ್ಯರನ್ನು ಕಾಣಿ. ಹಣದ ಚಿಂತೆಯಿದ್ದರೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಉಚಿತ ತಪಾಸಣೆ, ಚಿಕಿತ್ಸೆಯ ವ್ಯವಸ್ಥೆಯಿದೆ. ಹಿರಿಯರಲ್ಲಿ ಒಂದು ವಿನಂತಿ: ಮಗುವಿನ ತಾಯಿ "ಏನೋ ಸರಿಯಿಲ್ಲ" ಎಂದರೆ ಅದನ್ನು ತಳ್ಳಿಹಾಕಬೇಡಿ, ಅವಳ ಜೊತೆ ಆಸ್ಪತ್ರೆಗೆ ಹೋಗಿ.