ಬಂಡೆಯ ನೋವು ಕಂಡ ಕಮ್ಮಾರ

ಬಂಡೆಯ ಬಿರುಕಿಗೆ ಪಿಟಾನ್ ಹೊಡೆಯುವಾಗ ಹತ್ತುವವರು ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುತ್ತಾರೆ. ಸರಿಯಾಗಿ ಕಚ್ಚಿಕೊಂಡ ಪಿಟಾನ್, ಸುತ್ತಿಗೆಯ ಒಂದೊಂದು ಏಟಿಗೂ ಸ್ವರ ಏರಿಸುತ್ತ ಹೋಗುತ್ತದೆ. ಸದ್ದು ಮಂದವಾಗಿ, ಏರದೆ ನಿಂತರೆ ಒಳಗೆ ಟೊಳ್ಳೆಂದು ಅರ್ಥ. ಅದರ ಮೇಲೆ ಭಾರ ಬಿಡುವಂತಿಲ್ಲ. ನೋಡಲು ಪಿಟಾನ್ ದೊಡ್ಡ ವಸ್ತುವೇನಲ್ಲ. ಒಂದು ಲೋಹದ ಪಟ್ಟಿ, ಅದರ ತಲೆಯಲ್ಲೊಂದು ಕಣ್ಣು, ಕಣ್ಣಿಗೆ ಕೊಂಡಿ, ಕೊಂಡಿಯೊಳಗೆ ಹಗ್ಗ. ಮೇಲಿನವನು ಕೈ ಜಾರಿದರೆ ತಡೆದು ನಿಲ್ಲಿಸುವುದು ಇಷ್ಟೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ಕಣಿವೆಯಲ್ಲಿ 1960ರ ದಶಕವಿಡೀ ಈ ಸ್ವರ ಮೊಳಗುತ್ತಿತ್ತು. 1972ರಲ್ಲಿ ಅದನ್ನು ನಿಲ್ಲಿಸೋಣ ಎಂದು ಕೇಳಿಕೊಂಡವರು ಬೇರೆ ಯಾರೂ ಅಲ್ಲ, ಆ ಪಿಟಾನ್‌ಗಳನ್ನು ಬಡಿದು ಮಾರುತ್ತಿದ್ದ ಕುಲುಮೆಯವರೇ. ಪರ್ವತಾರೋಹಣದ ಚರಿತ್ರೆಯಲ್ಲಿ ಶಿಖರ ಗೆದ್ದವರ ಕಥೆಗಳು ಬೇಕಾದಷ್ಟಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಮ್ಮಾರನ ಕಥೆ.

ಹೆಸರು ಇವಾನ್ ಶುಯಿನಾರ್ಡ್. ಹುಟ್ಟಿದ್ದು 1938ರಲ್ಲಿ. ಬಂಡೆಯ ಹತ್ತಿರ ಅವರನ್ನು ಕರೆತಂದದ್ದು ಗಿಡುಗ. ಬೇಟೆಗೆ ಗಿಡುಗ ಪಳಗಿಸುವವರ ಸಂಘಕ್ಕೆ ಸೇರಿದ್ದ ಹದಿನಾಲ್ಕರ ಹುಡುಗ, ಕಡಿದಾದ ಬಂಡೆಗಳಲ್ಲಿರುವ ಅವುಗಳ ಗೂಡು ತಲುಪಲು ಹಗ್ಗ ಹಿಡಿದು ಇಳಿಯುವುದನ್ನು ಕಲಿತ. ಇಳಿಯುವುದು ಬಂದಮೇಲೆ ಹತ್ತುವ ಹಂಬಲ ಹುಟ್ಟಿತು. 1957ರಲ್ಲಿ ಗುಜರಿ ಅಂಗಡಿಯಿಂದ ಕಲ್ಲಿದ್ದಲಿನ ಹಳೆಯ ಕುಲುಮೆಯೊಂದನ್ನು ಕೊಂಡು ತಂದರು. ಜೊತೆಗೆ 138 ಪೌಂಡ್ ತೂಕದ ಅಡಿಗಲ್ಲು, ಒಂದಿಷ್ಟು ಇಕ್ಕಳ, ಸುತ್ತಿಗೆ. ಕಮ್ಮಾರಿಕೆಯನ್ನು ತಾವೇ ಕಲಿತರು. ಮೊದಲ ಪಿಟಾನ್‌ಗಳು ಹುಟ್ಟಿದ್ದು ಕಟಾವು ಯಂತ್ರದ ಹಳೆಯ ಅಲಗಿನಿಂದ. ಹಳ್ಳಿಯ ಕುಲುಮೆಯಲ್ಲಿ ಲಾರಿಯ ಸವೆದ ಪಟ್ಟಿ ಕುಡುಗೋಲಾಗುವುದನ್ನು ಕಂಡವರಿಗೆ ಇದು ಹೊಸದೆನಿಸುವುದಿಲ್ಲ. ಒಳ್ಳೆಯ ಉಕ್ಕು ಎಲ್ಲಿ ಅಡಗಿದೆಯೆಂದು ಕಮ್ಮಾರನ ಕೈಗೆ ಗೊತ್ತಿರುತ್ತದೆ.

ಶುಯಿನಾರ್ಡ್ ಅವರಿಗೆ ಈ ದಾರಿಯಲ್ಲಿ ಒಬ್ಬ ಹಿರಿಯರೂ ಇದ್ದರು. ಸ್ವಿಟ್ಜರ್ಲೆಂಡಿನಿಂದ ಬಂದ ಕಮ್ಮಾರ ಜಾನ್ ಸಲಾಥೆ. ನಲವತ್ತು ದಾಟಿದ ಮೇಲೆ ಬಂಡೆ ಹತ್ತಲು ಕಲಿತವರು. ಯೊಸೆಮಿಟಿಯ ಗ್ರಾನೈಟ್‌ಗೆ ಯುರೋಪಿನ ಮೆದು ಕಬ್ಬಿಣದ ಪಿಟಾನ್ ಬಾಗಿಹೋಗುವುದನ್ನು ಕಂಡು ಗಟ್ಟಿ ಉಕ್ಕಿನವನ್ನು ತಾವೇ ಬಡಿದುಕೊಂಡರು. ಹಳೆಯ ಫೋರ್ಡ್ ಕಾರಿನ ಅಚ್ಚಿನಿಂದ ಮಾಡಿದರೆಂದು ಹತ್ತುವವರು ಈಗಲೂ ಹೇಳುತ್ತಾರೆ.

ಶುಯಿನಾರ್ಡ್ ಗಂಟೆಗೆ ಎರಡು ಪಿಟಾನ್ ಬಡಿಯುತ್ತಿದ್ದರು. ಬೆಲೆ ಒಂದಕ್ಕೆ ಒಂದೂವರೆ ಡಾಲರ್. ಯುರೋಪಿನದು ಅದಕ್ಕಿಂತ ಎಷ್ಟೋ ಪಾಲು ಅಗ್ಗವಾಗಿ ಸಿಗುತ್ತಿತ್ತು. ಆದರೂ ಜನ ಇದನ್ನೇ ಕೇಳಿದರು. ಮೆದು ಕಬ್ಬಿಣದ್ದನ್ನು ಒಮ್ಮೆ ಹೊಡೆದರೆ ಅಲ್ಲೇ ಬಿಟ್ಟು ಹೋಗಬೇಕು. ಇದನ್ನು ಬಿಡಿಸಿ ಮತ್ತೆ ಹೊಡೆಯಬಹುದು. ದಿನಗಟ್ಟಲೆ ಹತ್ತುವ, ಯೊಸೆಮಿಟಿಯ ಎಲ್ ಕ್ಯಾಪಿಟನ್‌ನಂಥ ಬಂಡೆಗೆ ನೂರಾರು ಪಿಟಾನ್ ಹೊತ್ತೊಯ್ಯಲು ಯಾರಿಂದ ಸಾಧ್ಯ? ಕೆಲಸ ಮುಗಿದ ಮೇಲೆ ಬಂಡೆಯಲ್ಲಿ ಏನೂ ಉಳಿಯಬಾರದು ಎಂಬ ಒಳ್ಳೆಯ ಯೋಚನೆಯೂ ಅದರಲ್ಲಿತ್ತು. ವಿಮಾನಶಾಸ್ತ್ರ ಓದಿದ ಎಂಜಿನಿಯರ್ ಟಾಮ್ ಫ್ರಾಸ್ಟ್ ಪಾಲುದಾರರಾಗಿ ಬಂದರು. ಕೂದಲೆಳೆಯಂಥ ಬಿರುಕಿಗೂ ಹೋಗಬಲ್ಲ, ಅಂಚೆಚೀಟಿಯಷ್ಟೇ ದೊಡ್ಡ ಪಿಟಾನ್ ಒಂದನ್ನು ಇಬ್ಬರೂ ಸೇರಿ ಮಾಡಿದರು. 1970ರ ಹೊತ್ತಿಗೆ ಅಮೆರಿಕದಲ್ಲಿ ಹತ್ತುವ ಸಲಕರಣೆ ಮಾರುವವರಲ್ಲಿ ಇವರದೇ ದೊಡ್ಡ ಕೈ. ವ್ಯಾಪಾರದ ನೂರಕ್ಕೆ ಎಪ್ಪತ್ತು ಪಾಲು ಪಿಟಾನ್‌ನಿಂದಲೇ ಬರುತ್ತಿತ್ತು.

ಆದರೆ ಬಂಡೆಗೆ ಗಾಯ ಆಗುತ್ತಿದ್ದದ್ದು ಈ ಪಿಟಾನ್ ಬಿಡಿಸುವಾಗಲೇ. ಅದನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಬಡಿದು ಅಲುಗಾಡಿಸಬೇಕು. ಪ್ರತಿ ಸಲವೂ ಬಿರುಕಿನ ಅಂಚಿನಿಂದ ಒಂದಿಷ್ಟು ಕಲ್ಲು ಪುಡಿಯಾಗಿ ಉದುರುತ್ತದೆ. ಮುಂದೆ ಬಂದವನಿಗೆ ಕೊಂಚ ದಪ್ಪನೆಯದು ಬೇಕು, ಅವನ ಹಿಂದೆ ಬಂದವನಿಗೆ ಇನ್ನೂ ದಪ್ಪನೆಯದು. ಉಗುರು ಹೋಗುವಷ್ಟಿದ್ದ ಸಂದು ಬೆರಳು ಹೋಗುವ ಗುಳಿಯಾಯಿತು. ಎಲ್ ಕ್ಯಾಪಿಟನ್‌ನ ಹೆಸರಾಂತ ದಾರಿ ‘ನೋಸ್’ ಮೇಲೆ, ಕೆಲವೇ ವರ್ಷಗಳ ಹಿಂದೆ ತಾವು ಕಂಡಿದ್ದ ಬಿರುಕುಗಳು ಹೀಗೆ ಕಿತ್ತುಹೋಗಿದ್ದನ್ನು ನೋಡಿ ಶುಯಿನಾರ್ಡ್ ಮತ್ತು ಫ್ರಾಸ್ಟ್ ಪಿಟಾನ್‌ನಿಂದ ಕೈತೆಗೆಯಲು ನಿಶ್ಚಯಿಸಿದರು.

ಪರಿಹಾರ ಬಂದದ್ದು ಬ್ರಿಟನ್ನಿನಿಂದ. ಅಲ್ಲಿನವರಿಗೆ ಪಿಟಾನ್ ಹೊಡೆಯುವುದು ಮೊದಲಿಂದಲೂ ಒಗ್ಗದ ಮಾತು. ಬೆಣಚುಕಲ್ಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಿರುಕಿಗೆ ಸಿಕ್ಕಿಸಿ, ಸುತ್ತ ಹಗ್ಗ ಕಟ್ಟುತ್ತಿದ್ದರು. ವೇಲ್ಸ್‌ನ ಸ್ನೋಡನ್ ಪರ್ವತದ ಬಂಡೆಗೆ ಹೋಗುವ ದಾರಿಯಲ್ಲಿ ಪುಟ್ಟ ರೈಲಿನ ಹಳಿ ಇದೆ. ಹಳಿಯ ಬದಿ ಬಿದ್ದಿರುತ್ತಿದ್ದ ನಟ್‌ಗಳನ್ನು ಹೆಕ್ಕಿ, ಹಗ್ಗವನ್ನು ಕೊಯ್ಯದಿರಲೆಂದು ಒಳಗಿನ ತಿರುಪಿನ ಎಳೆಗಳನ್ನು ಅರದಿಂದ ಉಜ್ಜಿ, ಹಗ್ಗ ಪೋಣಿಸಿಕೊಂಡರು. ಕಲ್ಲಿನ ಜಾಗಕ್ಕೆ ನಟ್ ಬಂತು. ಆ ಹೆಸರು ಇವತ್ತಿಗೂ ಉಳಿದಿದೆ. ಮೇಲೆ ಅಗಲ, ಕೆಳಗೆ ಕಿರಿದಾದ ಸಂದು ಹುಡುಕಿ ನಟ್ ಇಳಿಬಿಟ್ಟು ಕೆಳಕ್ಕೆ ಜಗ್ಗಿದರೆ ಕಚ್ಚಿಕೊಳ್ಳುತ್ತದೆ. ಬಿದ್ದರೆ ಇನ್ನೂ ಬಿಗಿಯುತ್ತದೆ. ಹಿಂದೆ ಬರುವವರು ಬೆರಳಿನಿಂದ ಮೇಲಕ್ಕೆತ್ತಿದರೆ ಬಿಟ್ಟುಕೊಳ್ಳುತ್ತದೆ. ಸುತ್ತಿಗೆ ಬೇಡ. ಬಂಡೆಯ ಹೊಟ್ಟೆ ಹೇಗಿದೆಯೆಂದು ತಾಳ್ಮೆಯಿಂದ ಓದುವ ಕಣ್ಣು ಬೇಕು.

1967ರಲ್ಲೇ ರಾಯಲ್ ರಾಬಿನ್ಸ್ ಮತ್ತು ಲಿಜ್ ರಾಬಿನ್ಸ್ ದಂಪತಿ ಯೊಸೆಮಿಟಿಯಲ್ಲಿ ಬರೀ ನಟ್ ನಂಬಿ ‘ನಟ್‌ಕ್ರ್ಯಾಕರ್’ ಎಂಬ ಹೊಸ ದಾರಿ ಹತ್ತಿ ತೋರಿಸಿದ್ದರು. ಜನ ಸುಲಭಕ್ಕೆ ಸುತ್ತಿಗೆ ಬಿಡಲಿಲ್ಲ.

ಆಗ ಬಂತು 1972ರ ಆ ಕ್ಯಾಟಲಾಗ್. ಸರಕು ಮಾರುವ ಪುಸ್ತಿಕೆಯ ಮುಖಪುಟದಲ್ಲಿ ಹಳೆಯ ಚೀನೀ ಗಿರಿಚಿತ್ರ. ತೆರೆದರೆ, ಪಿಟಾನ್ ಬಂಡೆಗೆ ಮಾಡುತ್ತಿರುವ ಹಾನಿಯ ಬಗ್ಗೆ ಪಿಟಾನ್ ಮಾರುವವರದೇ ಮಾತು. ಆಮೇಲೆ ಡಗ್ ರಾಬಿನ್ಸನ್ ಬರೆದ 14 ಪುಟಗಳ ಪ್ರಬಂಧ: ನಟ್ ಇಡುವುದು ಹೇಗೆ, ಯಾಕೆ. ಹೀಗೆ ಹತ್ತುವುದನ್ನು ಅವರು ‘ಕ್ಲೀನ್ ಕ್ಲೈಂಬಿಂಗ್’ ಎಂದರು. ಕಲೆ ಉಳಿಸದ ಆರೋಹಣ. ಅಮೆರಿಕನ್ ಆಲ್ಪೈನ್ ಜರ್ನಲ್‌ನಲ್ಲಿ ಛಾಯಾಗ್ರಾಹಕ ಗೇಲನ್ ರೋವೆಲ್ ಈ ಕ್ಯಾಟಲಾಗನ್ನು ಒಂದು ಪುಸ್ತಕವೆಂದೇ ವಿಮರ್ಶಿಸಿದರು. ಅದು ತಕ್ಕ ಮರ್ಯಾದೆ. ಒಂದು ಕೈಕಸುಬಿನ ಬಗ್ಗೆ ಆ ಕಸುಬಿನವರೇ ಇಷ್ಟು ಪ್ರಾಮಾಣಿಕವಾಗಿ ಬರೆದದ್ದು ಅಪರೂಪ.

ಕೆಲವೇ ತಿಂಗಳಲ್ಲಿ ಪಿಟಾನ್ ವ್ಯಾಪಾರ ಸೊರಗಿತು. ಇವರ ನಟ್‌ಗಳಾದ ‘ಸ್ಟಾಪರ್’, ‘ಹೆಕ್ಸೆಂಟ್ರಿಕ್’ ಮಾಡಿದಷ್ಟೂ ಸಾಲಲಿಲ್ಲ. ವೆಂಚುರಾ ಊರಿನಲ್ಲಿದ್ದ ಇವರ ತಗಡಿನ ಶೆಡ್‌ನಲ್ಲಿ ಉಕ್ಕು ಬಡಿಯುವ ಸದ್ದಿನ ಜಾಗದಲ್ಲಿ ಅಲ್ಯುಮಿನಿಯಂ ಕೊರೆಯುವ ಸದ್ದು ಕೇಳತೊಡಗಿತು. ಮರುವರ್ಷ ರೋವೆಲ್, ರಾಬಿನ್ಸನ್, ಡೆನಿಸ್ ಹೆನ್ನೆಕ್ ಮೂವರೂ ಯೊಸೆಮಿಟಿಯ ಹಾಫ್ ಡೋಮ್‌ ಬಂಡೆಯ ಗೋಡೆಯನ್ನು ಒಂದೂ ಪಿಟಾನ್ ಹೊಡೆಯದೆ ಹತ್ತಿದರು. 1974ರ ಜೂನ್ ನ್ಯಾಷನಲ್ ಜಿಯಾಗ್ರಫಿಕ್‌ನ ಮುಖಪುಟಕ್ಕೆ ಅದೇ ಬಂತು.

ಮುಂದಿನದು ಬಹಳ ಜನರಿಗೆ ಗೊತ್ತು. ಶುಯಿನಾರ್ಡ್ 1973ರಲ್ಲಿ ಕಟ್ಟಿದ ಬಟ್ಟೆಯ ಕಂಪನಿ ಪ್ಯಾಟಗೋನಿಯಾ ಬೆಳೆದದ್ದು, 2022ರಲ್ಲಿ ಅದರ ಒಡೆತನವನ್ನೇ ಭೂಮಿಯ ರಕ್ಷಣೆಗೆ ಬರೆದುಕೊಟ್ಟದ್ದು. ಸಲಕರಣೆಯ ಕಂಪನಿ ಮಾತ್ರ ನ್ಯಾಯಾಲಯದ ದಾವೆಗಳಿಗೆ ಸಿಕ್ಕಿ 1989ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೆಲಸಗಾರರೇ ಅದನ್ನು ಕೊಂಡರು. ಬ್ಲ್ಯಾಕ್ ಡೈಮಂಡ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ.

ಬಾದಾಮಿಯ ಕೆಂಪು ಬಂಡೆಗಳಿಗೆ, ರಾಮನಗರದ ಬೆಟ್ಟಗಳಿಗೆ ರಜೆಯ ದಿನ ಹಗ್ಗ ಹೊತ್ತು ಹೋಗುವ ನಮ್ಮ ಹುಡುಗ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಈ ಕ್ಯಾಟಲಾಗ್ ನೆನಪಾಗುತ್ತದೆ. ಗಂಟು ಹಾಕುವುದನ್ನು ಕಲಿಸುವ ದಿನವೇ ಅವರಿಗೆ ಈ ಕಥೆಯನ್ನೂ ಹೇಳಬೇಕು. ಬಾದಾಮಿಯದು ಮರಳುಗಲ್ಲು, ಗ್ರಾನೈಟ್‌ನಷ್ಟೂ ತಾಳುವುದಿಲ್ಲ.

ಯೊಸೆಮಿಟಿಯಲ್ಲಿ ‘ಸೆರೆನಿಟಿ ಕ್ರ್ಯಾಕ್’ ಎಂಬ ಬಿರುಕೊಂದಿದೆ. ಅದರ ಕೆಳಭಾಗದಲ್ಲಿ ಪಿಟಾನ್ ಕಾಲದ ಗುಳಿಗಳು ಸಾಲಾಗಿ ಉಳಿದುಕೊಂಡಿವೆ. ಈಗಿನವರ ಸೊಂಟದಲ್ಲಿ ಸುತ್ತಿಗೆ ಇರುವುದಿಲ್ಲ. ಅಂದಿನ ಏಟು ಬಿದ್ದಲ್ಲೆಲ್ಲ ಎರಡೆರಡು ಬೆರಳು ತೂರಿಸಿ, ಒಂದು ಗುಳಿಯಿಂದ ಇನ್ನೊಂದಕ್ಕೆ ಕೈ ಚಾಚುತ್ತ, ಸದ್ದಿಲ್ಲದೆ ಮೇಲೇರುತ್ತಾರೆ.